ಕಾಫಿ ಕುಡಿದ್ರೆ ತೂಕ ಇಳಿಯತ್ತಾ? ಫಿಲ್ಟರ್ ಕಾಫಿ ಬಿಡದೆ ತೂಕ ಇಳಿಸ್ಕೋಬೇಕು ಅನ್ನೋರಿಗೆ ಹಂತ ಹಂತದ ಮಾರ್ಗದರ್ಶಿ

"ಬ್ಲ್ಯಾಕ್ ಕಾಫಿ ಕುಡಿದ್ರೆ ಹೊಟ್ಟೆ ಕರಗತ್ತಂತೆ, ಹೌದಾ?" "ಸಕ್ಕರೆ ಬದ್ಲು ಬೆಲ್ಲ ಹಾಕ್ಕೊಂಡ್ರೆ ಪರ್ವಾಗಿಲ್ವಾ?" "ಗ್ರೀನ್ ಕಾಫಿ ತಗೊಳ್ಳೋದಾ?" "ಡಯಟ್ ಶುರು ಮಾಡಿದೀನಿ, ಕಾಫಿ ಬಿಡ್ಲೇಬೇಕಾ?" ಈ ನಾಲ್ಕು ಪ್ರಶ್ನೆ ಒಬ್ರಲ್ಲ ಒಬ್ರು ಕೇಳ್ತಾನೇ ಇದೀರಿ. ಒಬ್ಬೊಬ್ರಿಗೆ ಎರಡೆರಡು ಸಾಲು ಉತ್ತರ ಕೊಟ್ರೆ ಅರ್ಧಂಬರ್ಧ ಆಗತ್ತೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ.

ಅವಸರದಲ್ಲಿರೋರಿಗೆ ಮೊದಲೇ ಹೇಳ್ಬಿಡ್ತೀನಿ. ಕಾಫಿ ಬಿಡ್ಬೇಕಾಗಿಲ್ಲ. ಹಾಗಂತ ಕಾಫಿನೇ ತೂಕ ಇಳಿಸಿಕೊಡತ್ತೆ ಅಂತ ನೆಚ್ಚಿಕೊಳ್ಳೋದೂ ಬೇಡ. ಕಾಫಿಯಲ್ಲಿ ಚುರುಕು ಕೊಡೋ ಅಂಶ ಅಂದ್ರೆ ಕೆಫೀನ್, ಅದರಿಂದ ಆಗೋ ಸಹಾಯ ನಿಜ, ಆದ್ರೆ ಬಹಳ ಸಣ್ಣದು. ಲೋಟದಲ್ಲಿರೋ ಹಾಲು ಸಕ್ಕರೆ ಅದನ್ನ ಅಲ್ಲೇ ನುಂಗಿಹಾಕತ್ತೆ, ಹೊತ್ತಲ್ಲದ ಹೊತ್ತಲ್ಲಿ ಕುಡಿದ ಕಾಫಿ ನಿದ್ದೆ ಕೆಡಿಸಿ ಮಿಕ್ಕಿದ್ದನ್ನೂ ಹಾಳು ಮಾಡತ್ತೆ. ಅದಕ್ಕೇ ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಲೋಟ ಮತ್ತು ಗಡಿಯಾರದ ಬಗ್ಗೆನೇ ಇವೆ.

ಮೊದ್ಲು, ಕೆಫೀನ್ ಒಳಗೆ ಹೋಗಿ ಏನ್ ಮಾಡತ್ತೆ

ನಾವು ಎಚ್ಚರ ಇದ್ದಷ್ಟು ಹೊತ್ತೂ ಮೆದುಳಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಸೇರ್ತಾ ಹೋಗತ್ತೆ, ಅದು ತನ್ನ ಜಾಗಕ್ಕೆ ಹೋಗಿ ಕೂತಾಗ ನಮಗೆ ಸುಸ್ತು, ತೂಕಡಿಕೆ ಶುರುವಾಗತ್ತೆ. ಕೆಫೀನ್‌ನ ರಚನೆ ಹೆಚ್ಚುಕಮ್ಮಿ ಅದೇ ಥರ ಇರೋದ್ರಿಂದ ಆ ಜಾಗದಲ್ಲಿ ತಾನೇ ಹೋಗಿ ಕೂತ್ಕೊಂಡುಬಿಡತ್ತೆ. ಸುಸ್ತು ಹೋಗಿರಲ್ಲ, ಗೊತ್ತಾಗ್ತಿರಲ್ಲ ಅಷ್ಟೆ. ಇದರ ಜೊತೆಗೆ ಅಡ್ರಿನಲಿನ್ ಸ್ವಲ್ಪ ಏರತ್ತೆ, ಕೊಬ್ಬಿನ ಕೋಶಗಳಿಂದ ಒಂದಿಷ್ಟು ಕೊಬ್ಬು ರಕ್ತಕ್ಕೆ ಬಿಡುಗಡೆ ಆಗತ್ತೆ. "ಕಾಫಿ ಕೊಬ್ಬು ಕರಗಿಸತ್ತೆ" ಅನ್ನೋ ಮಾತಿಗೆ ಆಧಾರ ಇದೇ. ಆದ್ರೆ ಹಾಗೆ ಬಿಡುಗಡೆ ಆದ ಕೊಬ್ಬನ್ನ ದೇಹ ಖರ್ಚು ಮಾಡ್ಲಿಲ್ಲ ಅಂದ್ರೆ ಅದು ವಾಪಸ್ ಹೋಗಿ ಸೇರ್ಕೊಳತ್ತೆ, ಇದನ್ನ ಯಾರೂ ಹೇಳಲ್ಲ.

ಇನ್ನು ಮೆಟಬಾಲಿಸಂ. ಸುಮ್ನೆ ಮಲಗಿದ್ರೂ ಉಸಿರಾಟ, ಎದೆಬಡಿತ, ಮೈಬಿಸಿ ಇವಕ್ಕೆಲ್ಲಾ ದೇಹ ಒಂದಿಷ್ಟು ಶಕ್ತಿ ಖರ್ಚು ಮಾಡ್ತಾ ಇರತ್ತಲ್ಲ, ಆ ಖರ್ಚಿನ ಲೆಕ್ಕ ಅದು. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 100 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ಈ ಖರ್ಚು ಎರಡೂವರೆ ಗಂಟೆ ಕಾಲ 3ರಿಂದ 4% ಜಾಸ್ತಿ ಆಯ್ತು. ಕೇಳೋಕೆ ಚೆನ್ನಾಗಿದೆ. ಈಗ ನಿಮ್ಮ ಮೈಗೆ ಲೆಕ್ಕ ಹಾಕಿ ನೋಡಿ. ದಿನಕ್ಕೆ 1400 ಕ್ಯಾಲೊರಿ ಹೀಗೆ ಖರ್ಚಾಗತ್ತೆ ಅಂದ್ಕೊಳ್ಳಿ, ಅಂದ್ರೆ ಗಂಟೆಗೆ 58, ಎರಡೂವರೆ ಗಂಟೆಗೆ 146 ಚಿಲ್ಲರೆ. ಅದರ 4% ಅಂದ್ರೆ ಸುಮಾರು 6 ಕ್ಯಾಲೊರಿ. ಒಂದು ಲೋಟ ಕಾಫಿಯ ಕೆಫೀನ್‌ನಿಂದ ಸಿಗೋ ಲಾಭ ಈ 6 ಕ್ಯಾಲೊರಿ, ಅರ್ಧ ಚಮಚ ಸಕ್ಕರೆ ಬಿದ್ರೆ ಅದು ಮುಗೀತು.

ಅದೇ ಅಧ್ಯಯನದಲ್ಲಿ ಎರಡೆರಡು ಗಂಟೆಗೆ 100 ಮಿಲಿಗ್ರಾಂನಂತೆ ಹನ್ನೆರಡು ಗಂಟೆ ಕೊಟ್ಟೂ ನೋಡಿದ್ರು. ಆಗ ತೆಳ್ಳಗಿರೋರಲ್ಲಿ ದಿನಕ್ಕೆ 150 ಕ್ಯಾಲೊರಿ ಹೆಚ್ಚು ಖರ್ಚಾಯ್ತು, ಮುಂಚೆ ದಪ್ಪ ಇದ್ದು ಆಮೇಲೆ ಇಳಿಸಿದವರಲ್ಲಿ 79 ಮಾತ್ರ. ಅಂದ್ರೆ ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಕಮ್ಮಿ ಸಿಕ್ತು. ಅಲ್ದೆ ದಿನಕ್ಕೆ 600 ಮಿಲಿಗ್ರಾಂ ಅನ್ನೋದು ಸುರಕ್ಷಿತ ಮಿತಿಗಿಂತ ಎಷ್ಟೋ ಹೆಚ್ಚು, ದಯವಿಟ್ಟು ಮನೇಲಿ ಪ್ರಯತ್ನಿಸಬೇಡಿ.

ದೀರ್ಘಕಾಲದ ಪರೀಕ್ಷೆ ಅಂದ್ರೆ 2020ರಲ್ಲಿ ಬಂದಿದ್ದು, ಸಿಂಗಪುರದಲ್ಲಿ ಮಾಡಿದ್ದು. ತೂಕ ಜಾಸ್ತಿ ಇದ್ದ 126 ಜನ, ಅದರಲ್ಲಿ ಚೀನೀ, ಮಲಯ್ ಜನರ ಜೊತೆ ಭಾರತೀಯ ಮೂಲದವರೂ ಇದ್ರು. ಕೆಲವರಿಗೆ ದಿನಕ್ಕೆ ನಾಲ್ಕು ಕಪ್ ಕಾಫಿ, ಉಳಿದವರಿಗೆ ಕಾಫಿ ರುಚಿಯ ಬೇರೆ ಪಾನೀಯ, ಹೀಗೆ 24 ವಾರ. ಕೊನೆಗೆ ಕಾಫಿ ಕುಡಿದವರ ಮೈ ಕೊಬ್ಬು ಇನ್ನೊಂದು ಗುಂಪಿಗಿಂತ 4%ಗೆ ಸ್ವಲ್ಪ ಕಮ್ಮಿ ಪ್ರಮಾಣದಲ್ಲಿ ಇಳಿದಿತ್ತು. ಮೈಯಲ್ಲಿ 25 ಕೆಜಿ ಕೊಬ್ಬಿದ್ರೆ ಆರು ತಿಂಗಳಿಗೆ ಒಂದು ಕೆಜಿಯ ಹತ್ತಿರ ಅನ್ನಿ. ಇನ್ಸುಲಿನ್ ಕೆಲಸ ಮಾಡೋ ರೀತೀಲಿ ಏನೂ ಸುಧಾರಣೆ ಕಾಣ್ಲಿಲ್ಲ. ಇಷ್ಟು ಸಹಾಯ ಸಿಕ್ಕಿದ್ರೆ ಬೇಡ ಅನ್ನೋಕಾಗಲ್ಲ, ಆದ್ರೆ ಇದನ್ನೇ ನಂಬ್ಕೊಂಡು ಇರೋಕೂ ಆಗಲ್ಲ.

ಬೇಕಾಗೋ ಸಾಮಾನು

ಎಂಎಲ್ ಗೆರೆ ಇರೋ ಒಂದು ಅಳತೆ ಲೋಟ (ಮಕ್ಕಳ ಔಷಧಿ ಜೊತೆ ಬರೋದಲ್ಲ, 200 ಎಂಎಲ್ ಹಿಡಿಯೋ ಥರದ್ದು), ಒಂದು ಟೀ ಚಮಚ, ಸಾಧ್ಯವಾದ್ರೆ ಗ್ರಾಂ ತೋರಿಸೋ ಅಡುಗೆಮನೆ ತಕ್ಕಡಿ, ದರ್ಜಿ ಟೇಪು, ಒಂದು ಹಳೇ ನೋಟ್‌ಬುಕ್ಕು. ಇಷ್ಟು ಸಾಕು. ಮಾತ್ರೆ, ಪೌಡರ್, ಶೇಕ್ ಏನೂ ಕೊಳ್ಳೋದು ಬೇಡ.

ಹಂತ 1: ಏನೂ ಬದಲಾಯಿಸದೆ ಒಂದು ವಾರ ಅಳೀರಿ

ಈಗ ಹೇಗೆ ಕುಡೀತಿದೀರೋ ಹಾಗೇ ಕುಡೀರಿ, ಬರೆದಿಡಿ ಅಷ್ಟೆ. ಎಷ್ಟು ಹೊತ್ತಿಗೆ, ಎಷ್ಟು ಎಂಎಲ್, ಹಾಲೆಷ್ಟು, ಸಕ್ಕರೆ ಎಷ್ಟು, ಜೊತೆಗೆ ಏನ್ ತಿಂದ್ರಿ.

ಸಕ್ಕರೆ ಅಳೆಯುವಾಗ ಹುಷಾರು. ಮಟ್ಟ ಮಾಡಿದ ಒಂದು ಟೀ ಚಮಚ ಸಕ್ಕರೆ 4ರಿಂದ 5 ಗ್ರಾಂ. ನಾವು ಡಬ್ಬಿಯಿಂದ ತೆಗೆಯೋದು ಮಟ್ಟದ ಚಮಚ ಅಲ್ಲ, ಗೋಪುರ ಎದ್ದಿರೋ ಚಮಚ, ಅದು 7 ಗ್ರಾಂವರೆಗೂ ಹೋಗತ್ತೆ. ತಕ್ಕಡಿ ಮೇಲೆ ಖಾಲಿ ಬಟ್ಟಲಿಟ್ಟು ಸೊನ್ನೆ ಮಾಡಿ, ನೀವು ಯಾವಾಗ್ಲೂ ಹಾಕೋ ಥರನೇ ಹಾಕಿ ನೋಡಿ. "ಬರೀ ಎರಡು ಚಮಚ" ಅಂತ ಹೇಳೋರ ಲೋಟದಲ್ಲಿ ಮೂರು ಚಮಚದ ಸಕ್ಕರೆ ಇರತ್ತೆ. ಸಕ್ಕರೆ ಗ್ರಾಂಗೆ 4 ಕ್ಯಾಲೊರಿ.

ಹಾಲಿಗೆ ಹೀಗೆ ಲೆಕ್ಕ ಹಿಡೀರಿ: ನಂದಿನಿ ನೀಲಿ ಪ್ಯಾಕೆಟ್ ಅಂದ್ರೆ ಟೋನ್ಡ್ ಹಾಲು, 3% ಕೊಬ್ಬು, 100 ಎಂಎಲ್‌ಗೆ ಸುಮಾರು 60 ಕ್ಯಾಲೊರಿ. ಫುಲ್ ಕ್ರೀಮ್ ಹಾಲಲ್ಲಿ 6% ಕೊಬ್ಬು, 100 ಎಂಎಲ್‌ಗೆ 85-90. ಬ್ಲ್ಯಾಕ್ ಕಾಫಿ ಲೋಟಕ್ಕೆ ಐದೂ ದಾಟಲ್ಲ.

ಒಂದು ಸಾಮಾನ್ಯ ಮನೆ ಲೋಟ ತಗೊಳ್ಳಿ. 110 ಎಂಎಲ್ ಟೋನ್ಡ್ ಹಾಲು, 66 ಕ್ಯಾಲೊರಿ. ಸಕ್ಕರೆ 12 ಗ್ರಾಂ, 48. ಒಟ್ಟು 114. ದಿನಕ್ಕೆ ನಾಲ್ಕು ಸಲ ಅಂದ್ರೆ 456, ಅದು ಹೆಚ್ಚುಕಮ್ಮಿ ಒಂದು ಹೊತ್ತಿನ ಊಟ. ನಾಲ್ಕು ಲೋಟದ ಕೆಫೀನ್ ವಾಪಸ್ ಕೊಟ್ಟಿದ್ದು ಮೇಲಿನ ಲೆಕ್ಕದಲ್ಲಿ 25ರ ಆಸುಪಾಸು. ಜೊತೆಗೆ ನಾಲ್ಕು ಮಾರಿ ಬಿಸ್ಕೆಟ್ ಹೋದ್ರೆ ಇನ್ನೊಂದು 90-100, ಕೋಡುಬಳೆ ನಿಪ್ಪಟ್ಟು ಆದ್ರೆ ಅದಕ್ಕಿಂತ ಜಾಸ್ತಿ. ತುಂಬಾ ಜನ ಕಾಫಿ ಬರೀತಾರೆ, ಜೊತೆಗೆ ತಿಂದಿದ್ದು ಬರೆಯಲ್ಲ. ಬರೀರಿ.

ಹಂತ 2: ಮೊದ್ಲು ಸಕ್ಕರೆ ಇಳಿಸಿ, ಆಮೇಲೆ ಹಾಲು

ಎರಡನ್ನೂ ಒಂದೇ ದಿನ ತೆಗೆದುಬಿಟ್ರೆ ಮೂರನೇ ದಿನಕ್ಕೆ ಹಳೇ ಕಾಫಿಗೆ ವಾಪಸ್ ಬರ್ತೀರಿ. ಮೊದಲನೇ ವಾರ ಎಲ್ಲಾ ಲೋಟಗಳಲ್ಲೂ ಅರ್ಧ ಚಮಚ ಕಮ್ಮಿ ಮಾಡಿ, ಅದು ನಾಲಿಗೆಗೆ ಒಗ್ಗಿದ ಮೇಲೆ ಇನ್ನರ್ಧ. ಹೀಗೆ ಒಂದೂವರೆ ಎರಡು ತಿಂಗಳಲ್ಲಿ ಅರ್ಧ ಚಮಚಕ್ಕೋ ಸೊನ್ನೆಗೋ ಬರಬಹುದು. ಹಾಲಲ್ಲೇ ಒಂದು ಸಿಹಿ ಇದೆ, ಸಕ್ಕರೆ ಕಮ್ಮಿಯಾದಾಗ ಅದು ತಾನಾಗೇ ಗೊತ್ತಾಗೋಕೆ ಶುರುವಾಗತ್ತೆ.

ಬೆಲ್ಲದ ಪ್ರಶ್ನೆ. ಮಲೆನಾಡು, ಕೊಡಗಿನ ಕಡೆ ಬೆಲ್ಲದ ಕಾಫಿ ಹಿಂದಿನಿಂದ ಇದೆ, ರುಚಿಗೆ ಅದಕ್ಕೆ ಸಾಟಿ ಇಲ್ಲ, ರುಚಿಗೆ ಅಂತ ಕುಡೀರಿ. ತೂಕದ ಲೆಕ್ಕದಲ್ಲಿ ಮಾತ್ರ ಬೆಲ್ಲ, ಸಕ್ಕರೆ ಹತ್ತಿರ ಹತ್ತಿರ ಒಂದೇ. 100 ಗ್ರಾಂ ಬೆಲ್ಲದಲ್ಲೂ 380 ಕ್ಯಾಲೊರಿಯಷ್ಟು ಇರತ್ತೆ, ಅಲ್ದೆ ಉಂಡೆ ಒಡೆದು ಹಾಕೋದ್ರಿಂದ ಅಳತೆ ತಪ್ಪಿ ಜಾಸ್ತಿನೇ ಬೀಳತ್ತೆ. ಜೇನುತುಪ್ಪಕ್ಕೂ ಇದೇ ಮಾತು.

ಸಕ್ಕರೆ ಯಾಕೆ ಮೊದ್ಲು ಅಂದ್ರೆ, ಅಮೆರಿಕದಲ್ಲಿ ನರ್ಸ್‌ಗಳು, ವೈದ್ಯರಂಗದವರು ಹೀಗೆ ಲಕ್ಷಕ್ಕೂ ಹೆಚ್ಚು ಜನರನ್ನ ವರ್ಷಾನುಗಟ್ಲೆ ಗಮನಿಸಿದ ಮಾಹಿತಿಯನ್ನ 2023ರಲ್ಲಿ ಲೆಕ್ಕ ಹಾಕಿ ನೋಡಿದ್ರು. ಸಕ್ಕರೆ ಇಲ್ಲದ ಕಾಫಿ ದಿನಕ್ಕೊಂದು ಕಪ್ ಹೆಚ್ಚು ಕುಡಿದವರಲ್ಲಿ ನಾಲ್ಕು ವರ್ಷಕ್ಕೆ 120 ಗ್ರಾಂನಷ್ಟು ಕಮ್ಮಿ ತೂಕ ಏರಿತ್ತು, ಒಂದು ಚಮಚ ಸಕ್ಕರೆ ಸೇರಿಸ್ಕೊಂಡವರಲ್ಲಿ 90 ಗ್ರಾಂನಷ್ಟು ಜಾಸ್ತಿ. ಕ್ರೀಮ್ ಹಾಕಿದ್ದಕ್ಕೆ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಎರಡೂ ಸಣ್ಣ ಅಂಕಿಗಳೇ, ಆದ್ರೆ ಒಂದು ಇಳಿಸ್ತಿದ್ರೆ ಇನ್ನೊಂದು ಏರಿಸ್ತಿದೆ ನೋಡಿ. ಒಂದು ಮಾತು, ಅಲ್ಲಿಯ ಕಪ್ಪಲ್ಲಿ ಕ್ರೀಮ್ ಒಂದೆರಡು ಚಮಚ ಬೀಳೋದು, ನಮ್ಮ ಲೋಟದಲ್ಲಿ ಮುಕ್ಕಾಲು ಹಾಲೇ ಇರತ್ತೆ, ಅದಕ್ಕೆ ಹಾಲನ್ನ ನಾವು ಪೂರ್ತಿ ಮರೆಯೋ ಹಾಗಿಲ್ಲ.

ಹಾಲಿಗೆ ಏನ್ ಮಾಡ್ಬೇಕು? ಲೋಟ ಚಿಕ್ಕದು ಮಾಡಿ. ಹೋಟ್ಲಲ್ಲಿ ಬೈ ಟು ಹೇಳೋ ಜನ ನಾವು, ಮನೇಲೂ ಅದೇ ಅಳತೆ ಇಟ್ಕೊಳ್ಳಿ. 70-80 ಎಂಎಲ್ ಸ್ಟ್ರಾಂಗ್ ಕಾಫಿ, ನೀರು ನೀರಾದ 150 ಎಂಎಲ್‌ಗಿಂತ ಹೆಚ್ಚು ತೃಪ್ತಿ ಕೊಡತ್ತೆ. ಡಿಕಾಕ್ಷನ್ ಪ್ರಮಾಣ ಹಾಗೇ ಇಟ್ಟು ಹಾಲು ಮಾತ್ರ ಕಮ್ಮಿ ಮಾಡಿ, ಕೆನೆ ತೆಗೆದ ಹಾಲು ಬಳಸಿ. ಹಾಲು ಕಾಯಿಸಿ ಆರಿದ ಮೇಲೆ ಮೇಲಿನ ಕೆನೆಯನ್ನ ಎತ್ತಿ ತುಪ್ಪಕ್ಕೆ ಅಂತ ಇಟ್ರೂ ಒಳ್ಳೇದೇ, ಮನೇಲಿ ಅದು ಹೇಗೂ ನಡೆಯೋ ಕೆಲಸ.

ಸಕ್ಕರೆ ಎಲ್ಲಿ ಕಣ್ಣಿಗೆ ಬೀಳದೆ ಸೇರ್ಕೊಳತ್ತೆ ಅಂದ್ರೆ ಎರಡು ಕಡೆ. ಆಫೀಸಿನ ವೆಂಡಿಂಗ್ ಮಷಿನ್ ಹಾಗೂ ಸ್ಯಾಶೆ ಪ್ರೀಮಿಕ್ಸ್, ಇದರಲ್ಲಿ ಸಾಮಾನ್ಯವಾಗಿ ಸಕ್ಕರೆ ಮೊದಲೇ ಬೆರೆತಿರತ್ತೆ, ಪ್ಯಾಕೆಟ್ ಹಿಂದೆ ಓದಿ. ಇನ್ನೊಂದು ದರ್ಶಿನಿ, ಕೌಂಟರಲ್ಲಿ ಲೋಟ ಇಡೋಕೆ ಮುಂಚೆನೇ "ಸಕ್ಕರೆ ಹಾಕ್ಬೇಡಿ, ಸಪರೇಟ್ ಕೊಡಿ" ಅನ್ನಿ. ನೆಂಟರ ಮನೇಲಿ ಹಾಲು ಒಲೆ ಮೇಲೆ ಏರೋಕೆ ಮುಂಚೆ "ದೊಡ್ಡಮ್ಮ, ನಂಗೆ ಅರ್ಧ ಲೋಟ ಸಾಕು, ಸಕ್ಕರೆ ಬೇಡ" ಅಂದ್ಬಿಟ್ರೆ ಯಾರಿಗೂ ಬೇಜಾರಾಗಲ್ಲ, ಬೆರೆಸಿ ತಂದಿಟ್ಟ ಮೇಲೆ ಬೇಡ ಅಂದ್ರೆ ಮಾತ್ರ ಕಷ್ಟ.

ಹಂತ 3: ದಿನಕ್ಕೆ ಒಂದು ಸಲನಾದ್ರೂ ಹಾಲಿಲ್ಲದ ಕಾಫಿ

ಎಲ್ಲರಿಗೂ ಇದು ಕಡ್ಡಾಯ ಅಲ್ಲ. ಆದ್ರೆ ದಿನಕ್ಕೆ ನಾಲ್ಕು ಲೋಟದ ಅಭ್ಯಾಸ ಇರೋರಿಗೆ ಎರಡು ಹಾಲಿನದ್ದು, ಒಂದು ಬ್ಲ್ಯಾಕ್ ಅಂತ ಮಾಡ್ಕೊಂಡ್ರೆ ದೊಡ್ಡ ಉಳಿತಾಯ.

ನಮ್ಮಲ್ಲಿ ಬ್ಲ್ಯಾಕ್ ಕಾಫಿ ಕಹಿ ಅಂತ ಬಿಟ್ಟುಬಿಡೋಕೆ ಕಾರಣ ಪುಡಿ. ಚಿಕೋರಿ ಅನ್ನೋದು ಕಾಫಿ ಅಲ್ಲ, ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಅದು ಹಾಲಿನ ಜೊತೆ ಚೆನ್ನ, ಬಣ್ಣ, ಗಟ್ಟಿತನ ಕೊಡತ್ತೆ, ಹಾಲಿಲ್ಲದೆ ಕುಡಿದ್ರೆ ಸುಟ್ಟ ಕಹಿ ನಾಲಿಗೆಗೆ ಹತ್ತಿಕೊಳತ್ತೆ. ಹಾಗಾಗಿ ಬ್ಲ್ಯಾಕ್‌ಗೆ ಚಿಕೋರಿ ಇಲ್ಲದ ಪುಡಿ ಕಾಲು ಕೆಜಿ ಬೇರೆ ತಂದಿಟ್ಕೊಳ್ಳಿ, ಅರಾಬಿಕಾ ಅನ್ನೋ ತಳಿಯ ಬೀಜ ಹೆಚ್ಚಿರೋದು, ತೀರಾ ಕಪ್ಪಗೆ ಹುರಿಯದೇ ಇರೋದು. ಅಂಗಡೀಲಿ ಹೀಗೇ ಕೇಳಿದ್ರೆ ಬೀಸಿ ಕೊಡ್ತಾರೆ.

ಫಿಲ್ಟರ್‌ನ ಮೇಲಿನ ಪಾತ್ರೆಗೆ ಪುಡಿ ಹಾಕಿ ಮೆಲ್ಲಗೆ ತಟ್ಟಿ ಮಟ್ಟ ಮಾಡಿ, ಒತ್ತಿ ಗಟ್ಟಿ ಮಾಡ್ಬೇಡಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಮೊದ್ಲು ಪುಡಿ ಒದ್ದೆ ಆಗೋವಷ್ಟು ಸ್ವಲ್ಪ ಹಾಕಿ, ಪುಡಿ ಉಬ್ಬಿ ಗುಳ್ಳೆ ಏಳತ್ತೆ, ಅದು ಇಳಿದ ಮೇಲೆ ಉಳಿದ ನೀರು ಹಾಕಿ ಮುಚ್ಚಿ. ಇಳಿದ ಡಿಕಾಕ್ಷನ್ 30 ಎಂಎಲ್‌ಗೆ 100-120 ಎಂಎಲ್ ಬಿಸಿನೀರು. ಡಿಕಾಕ್ಷನ್ನನ್ನ ಮತ್ತೆ ಒಲೆ ಮೇಲಿಟ್ಟು ಕುದಿಸ್ಬೇಡಿ, ಕಹಿ ಅಲ್ಲೇ ಜಾಸ್ತಿ ಆಗೋದು.

ಕೊಲೆಸ್ಟ್ರಾಲ್ ಜಾಸ್ತಿ ಇರೋರು ಗಮನಿಸಿ: ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅನ್ನೋ ಅಂಶ ಇದೆ, ಅದು ಎಲ್‌ಡಿಎಲ್ ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸತ್ತೆ. ಪೇಪರ್ ಫಿಲ್ಟರ್ ಅದನ್ನ ತಡೆಯತ್ತೆ, ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರ್ ತೂತುಗಳು ಅಷ್ಟು ತಡೆಯಲ್ಲ. ಅಂಥವರಿಗೆ ಪೇಪರ್ ಫಿಲ್ಟರ್ ಒಳ್ಳೇದು.

ಹಂತ 4: ನಿಮ್ಮ ಕೆಫೀನ್ ಎಷ್ಟು ಅಂತ ತಿಳ್ಕೊಳ್ಳಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿ ಪ್ರಕಾರ 150 ಎಂಎಲ್ ಪುಡಿಯಿಂದ ಇಳಿಸಿದ ಕಾಫಿಯಲ್ಲಿ 80-120 ಮಿಲಿಗ್ರಾಂ ಕೆಫೀನ್, ಇನ್‌ಸ್ಟಂಟ್‌ನಲ್ಲಿ 50-65, ಟೀಯಲ್ಲಿ 30-65. ದಿನಕ್ಕೆ 300 ಮಿಲಿಗ್ರಾಂ ದಾಟಬೇಡಿ ಅಂತಾರೆ ಅವ್ರು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಆರೋಗ್ಯವಂತ ದೊಡ್ಡವರಿಗೆ 400 ಅಂದಿದೆ. ನಮ್ಮವರ ಅಳತೇಲೇ ಇರೋಣ, ಟೀ, ಕೋಲಾ, ಎನರ್ಜಿ ಡ್ರಿಂಕ್ ಎಲ್ಲಾ ಸೇರಿ 300.

ಮನೆ ಕಾಫಿಗೆ ಸುಮಾರು ಲೆಕ್ಕ ಹೀಗೆ. ಒಬ್ಬರ ಪಾಲಿಗೆ 7 ಗ್ರಾಂ ಪುಡಿ, 80:20 ಮಿಶ್ರಣ (80 ಪಾಲು ಕಾಫಿ, 20 ಪಾಲು ಚಿಕೋರಿ) ಅಂದ್ರೆ ನಿಜವಾದ ಕಾಫಿ 5.6 ಗ್ರಾಂ. ಅರಾಬಿಕಾದಲ್ಲಿ ಕೆಫೀನ್ ಸುಮಾರು 1.2%, ಇನ್ನೊಂದು ತಳಿ ರೊಬಸ್ಟಾದಲ್ಲಿ 2%ಗೂ ಹೆಚ್ಚು. ಪೂರ್ತಿ ಅರಾಬಿಕಾ ಆದ್ರೆ ಗರಿಷ್ಠ 67 ಮಿಲಿಗ್ರಾಂ, ಪೂರ್ತಿ ರೊಬಸ್ಟಾ ಆದ್ರೆ 110-120. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಮಿಶ್ರಣದಲ್ಲಿ ಕಾಫಿ 51%ಗಿಂತ ಕಮ್ಮಿ ಇರೋ ಹಾಗಿಲ್ಲ ಅಂತ ನಮ್ಮ ದೇಶದ ಕಾನೂನೇ ಇದೆ, ಎಷ್ಟು ಭಾಗ ಅಂತ ಪ್ಯಾಕೆಟ್ ಮೇಲೆ ಬರೆದಿರ್ಲೇಬೇಕು. ಇದನ್ನ ನೋಡದೆ "ನಾನು ದಿನಕ್ಕೆ ಐದು ಕಪ್ ಕುಡೀತೀನಿ, ತೂಕ ಇಳಿದೇ ಇಲ್ಲ" ಅನ್ನೋರ ಲೋಟದಲ್ಲಿ ಅರ್ಧಕ್ಕರ್ಧ ಚಿಕೋರಿ ಇರೋದುಂಟು. ಹಾಗಂತ ಕೆಫೀನ್ ಹೆಚ್ಚಿಸೋಕೆ ಓಡ್ಬೇಡಿ, ಲಾಭ ಎಷ್ಟು ಅಂತ ಮೇಲೇ ನೋಡಿದೀವಿ.

ಹಂತ 5: ಊಟಕ್ಕೂ ಕಾಫಿಗೂ ನಡುವೆ ಅಂತರ

ತಿಂಡಿ ಮುಗಿದ ತಕ್ಷಣ ಕಾಫಿ ನಮ್ಮ ರೂಢಿ. ಇಡ್ಲಿ ತಟ್ಟೆ ಪಕ್ಕದಲ್ಲೇ ಲೋಟ ಬಂದಿರತ್ತೆ. ತೊಂದರೆ ಕಬ್ಬಿಣದ ಅಂಶಕ್ಕೆ. ಕಾಫಿಯಲ್ಲಿರೋ ಪಾಲಿಫೆನಾಲ್ ಅನ್ನೋ ಅಂಶಗಳು ಸೊಪ್ಪು, ಕಾಳು, ರಾಗಿಯ ಕಬ್ಬಿಣವನ್ನ ಹಿಡಿದಿಟ್ಟು ದೇಹಕ್ಕೆ ಸೇರೋಕೆ ಬಿಡಲ್ಲ. ಒಂದು ಪ್ರಯೋಗದಲ್ಲಿ ಊಟದ ಜೊತೆ ಕಾಫಿ ಕುಡಿದಾಗ ಕಬ್ಬಿಣ ಹೀರಿಕೊಳ್ಳೋದು 39% ಕಮ್ಮಿ ಆಯ್ತು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದವರಿಗೆ ಏನೂ ಆಗ್ಲಿಲ್ಲ, ಊಟ ಆಗಿ ಒಂದು ಗಂಟೆಗೆ ಕುಡಿದವರಿಗೆ ಜೊತೆಗೇ ಕುಡಿದಷ್ಟೇ ನಷ್ಟ ಆಯ್ತು. ಹಾಗಾಗಿ ಮುಂಚೆ ಒಂದು ಗಂಟೆ, ಆಮೇಲೆ ಆದಷ್ಟೂ ಒಂದೂವರೆ ಎರಡು ಗಂಟೆ ಬಿಡಿ.

ಇದಕ್ಕೂ ತೂಕಕ್ಕೂ ಏನ್ ಸಂಬಂಧ ಅಂತೀರಾ? ರಕ್ತಹೀನತೆ ಇರೋ ಹೆಣ್ಮಕ್ಕಳಿಗೆ ನಾಲ್ಕು ಹೆಜ್ಜೆ ಹಾಕಿದ್ರೆ ಏದುಸಿರು ಬರತ್ತೆ, ವಾಕಿಂಗ್ ನಿಂತುಹೋಗತ್ತೆ, ಸುಸ್ತಿಗೆ ಅಂತ ಇನ್ನೊಂದು ಕಾಫಿ ಕುಡೀತಾರೆ. ಅದು ಮತ್ತೆ ಕಬ್ಬಿಣ ತಡೆಯತ್ತೆ. ಡಯಟ್ ಅಂತ ಊಟನೂ ಕಮ್ಮಿ ಮಾಡಿದಾಗ ಇದು ಇನ್ನೂ ಬೇಗ ಆಗತ್ತೆ. ಹಿಮೋಗ್ಲೋಬಿನ್ ಒಂದ್ಸಲ ನೋಡಿಸ್ಕೊಳ್ಳಿ, ನಿಜವಾಗ್ಲೂ.

ಥೈರಾಯ್ಡ್ ಮಾತ್ರೆ ತಗೊಳ್ಳೋರು ಈ ಸಾಲು ಎರಡು ಸಲ ಓದಿ. ಬೆಳಗ್ಗೆ ಮಾತ್ರೆ ನೀರಲ್ಲಿ ಮಾತ್ರ ನುಂಗಬೇಕು, ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ ಬೇಡ. ಕಾಫಿ ಆ ಮಾತ್ರೆ ಹೀರಿಕೊಳ್ಳೋದನ್ನ ಕಮ್ಮಿ ಮಾಡತ್ತೆ, ಮಾತ್ರೆ ಕೆಲಸ ಮಾಡ್ಲಿಲ್ಲ ಅಂದ್ರೆ ತೂಕ ಇಳಿಯೋದು ಕಷ್ಟ.

"ಹಸಿವಾದಾಗ ಊಟದ ಬದ್ಲು ಕಾಫಿ ಕುಡಿದ್ರೆ?" ಕಾಫಿ ಹಸಿವನ್ನ ಸ್ವಲ್ಪ ಹೊತ್ತು ಮುಂದಕ್ಕೆ ಹಾಕಬಹುದು, ಆದ್ರೆ ತಿಂಡಿ ಬಿಟ್ಟು ಎರಡು ಕಾಫಿ ಮೇಲೆ ಮಧ್ಯಾಹ್ನದ ತನಕ ತಳ್ಳಿದವರು ಸಂಜೆ ಕೈಗೆ ಸಿಕ್ಕಿದ್ದೆಲ್ಲಾ ತಿಂತಾರೆ. ಹೊಟ್ಟೆ ಉರಿ, ಹುಳಿತೇಗು ಬೇರೆ. ಉಪವಾಸದ ಡಯಟ್, ಅಂದ್ರೆ ದಿನದಲ್ಲಿ ಇಂತಿಷ್ಟೇ ಗಂಟೆ ತಿನ್ನೋ ಕ್ರಮ ಮಾಡ್ತಿರೋರು ಉಪವಾಸದ ಹೊತ್ತಲ್ಲಿ ಬ್ಲ್ಯಾಕ್ ಮಾತ್ರ ಕುಡೀಬಹುದು, ಹಾಲು ಸಕ್ಕರೆ ಬಿದ್ರೆ ಅದು ಊಟದ ಲೆಕ್ಕ.

ಹಂತ 6: ಕೆಫೀನ್ ನಿಜವಾಗಿ ಕೆಲಸಕ್ಕೆ ಬರೋದು ಇಲ್ಲಿ

ವ್ಯಾಯಾಮಕ್ಕೆ ಮುಂಚೆ ಕುಡೀರಿ. ಕೆಫೀನ್‌ನಿಂದ ಹೆಚ್ಚು ಹೊತ್ತು, ಸ್ವಲ್ಪ ಜೋರಾಗಿ ನಡೆಯೋಕೆ, ಓಡೋಕೆ ಆಗತ್ತೆ ಅನ್ನೋದಕ್ಕೆ ಒಳ್ಳೇ ಆಧಾರ ಇದೆ, ಅದೇ ಶ್ರಮ ಕಮ್ಮಿ ಅನ್ಸತ್ತೆ. ಕ್ರೀಡಾಪಟುಗಳಿಗೆ ಹೇಳೋ ಪ್ರಮಾಣ ಕೆಜಿ ತೂಕಕ್ಕೆ 3ರಿಂದ 6 ಮಿಲಿಗ್ರಾಂ, ನಮಗೆ ಅಷ್ಟು ಬೇಡ, 70 ಕೆಜಿ ಇದ್ರೆ 3ರ ಲೆಕ್ಕದಲ್ಲೇ 210 ಆಗ್ಬಿಡತ್ತೆ. ಒಂದು ಸ್ಟ್ರಾಂಗ್ ಲೋಟ ಸಾಕು, ಹೊರಡೋಕೆ 45 ನಿಮಿಷದಿಂದ ಒಂದು ಗಂಟೆ ಮುಂಚೆ. ಮೇಲೆ ಹೇಳಿದ್ನಲ್ಲ, ರಕ್ತಕ್ಕೆ ಬಂದ ಕೊಬ್ಬು ಖರ್ಚಾಗಬೇಕು ಅಂತ, ಖರ್ಚಾಗೋ ದಾರಿ ಇದೇ. ಹತ್ತು ನಿಮಿಷ ಹೆಚ್ಚು ನಡೆದ್ರೆ ಅದರ ಲಾಭ ಆ 6 ಕ್ಯಾಲೊರಿಗಿಂತ ಎಷ್ಟೋ ಪಟ್ಟು.

ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗೋರು ಎದ್ದ ತಕ್ಷಣ ಚಿಕ್ಕ ಲೋಟ ಕುಡಿದು, ಮುಖ ತೊಳೆದು, ಬಾಗಿಲಿಗೆ ನೀರು ಹಾಕಿ ಹೊರಡೋ ಹೊತ್ತಿಗೆ ಸರಿಹೋಗತ್ತೆ. ಸಂಜೆ ಏಳಕ್ಕೆ ಜಿಮ್ ಹೋಗೋರು ಮಾತ್ರ ಮುಂದಿನ ಹಂತ ಓದಿ ನಿರ್ಧಾರ ಮಾಡಿ.

ಹಂತ 7: ಮಧ್ಯಾಹ್ನ ಎರಡರ ಮೇಲೆ ಕೆಫೀನ್ ಬೇಡ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಪಾಲಿಸ್ತೀನಿ ಅನ್ನೋರು ಇದನ್ನ ಪಾಲಿಸಿ.

ಕುಡಿದ ಕೆಫೀನ್‌ನಲ್ಲಿ ಅರ್ಧ ಖಾಲಿ ಆಗೋಕೆ ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ 100 ಮಿಲಿಗ್ರಾಂ ಕುಡಿದ್ರೆ ರಾತ್ರಿ ಹತ್ತಕ್ಕೂ 50 ಮೈಯಲ್ಲೇ ಇರತ್ತೆ. ಗರ್ಭನಿರೋಧಕ ಮಾತ್ರೆ ತಗೊಳ್ಳೋರಿಗೆ ಇದು ಇನ್ನೂ ನಿಧಾನ, ಸಿಗರೇಟ್ ಸೇದೋರಿಗೆ ಬೇಗ. 2013ರ ಒಂದು ಅಧ್ಯಯನದಲ್ಲಿ ಮಲಗೋಕೆ ಆರು ಗಂಟೆ ಮುಂಚೆ 400 ಮಿಲಿಗ್ರಾಂ ತಗೊಂಡವರಿಗೆ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಹೋಯ್ತು. "ನಂಗೆ ಕಾಫಿ ಕುಡಿದ್ರೂ ನಿದ್ದೆ ಬರತ್ತೆ" ಅನ್ನೋರು ಬಹಳ ಜನ. ಬರಬಹುದು, ಆದ್ರೆ ಗಾಢ ನಿದ್ದೆ ಕಮ್ಮಿ ಆಗಿರೋದು ಮಲಗಿದವರಿಗೆ ಗೊತ್ತಾಗಲ್ಲ, ಬೆಳಗ್ಗೆ ಎದ್ದಾಗ ಮೈಭಾರ ಅನ್ಸೋದು ಮಾತ್ರ ಗೊತ್ತಾಗತ್ತೆ.

ನಿದ್ದೆಗೂ ತೂಕಕ್ಕೂ ಇರೋ ನಂಟು 2010ರ ಇನ್ನೊಂದು ಅಧ್ಯಯನದಲ್ಲಿ ಚೆನ್ನಾಗಿ ಕಾಣ್ಸತ್ತೆ. ಹತ್ತು ಜನ, ಅಳತೆ ಊಟ, ಎರಡೆರಡು ವಾರ. ಒಂದು ಸಲ ರಾತ್ರಿ ಎಂಟೂವರೆ ಗಂಟೆ ಮಲಗೋಕೆ ಬಿಟ್ರು, ಇನ್ನೊಂದು ಸಲ ಐದೂವರೆ. ಎರಡೂ ಸಲ ತೂಕ ಇಳಿದಿದ್ದು ಹೆಚ್ಚುಕಮ್ಮಿ ಒಂದೇ, ಆದ್ರೆ ಚೆನ್ನಾಗಿ ಮಲಗಿದಾಗ ಹೋಗಿದ್ದು 1.4 ಕೆಜಿ ಕೊಬ್ಬು, ನಿದ್ದೆಗೆಟ್ಟಾಗ 0.6 ಕೆಜಿ ಮಾತ್ರ. ಉಳಿದಿದ್ದು ಮಾಂಸಖಂಡದಂಥ ಕೊಬ್ಬಲ್ಲದ ಭಾಗ ಇಳಿದು ಹೋಗಿತ್ತು, ಹಸಿವೂ ಜಾಸ್ತಿ ಆಗಿತ್ತು. ಸಣ್ಣ ಅಧ್ಯಯನ, ಆದ್ರೆ ಹಗಲೆಲ್ಲಾ ಬಾಯಿ ಕಟ್ಟಿ ರಾತ್ರಿ ನಿದ್ದೆ ಕಳ್ಕೊಂಡ್ರೆ ಆ ಕಷ್ಟ ಯಾವ ಲೆಕ್ಕಕ್ಕೆ ಹೋಗತ್ತೆ ಅಂತ ಯೋಚನೆ ಮಾಡಿ. ಸಂಜೆ ಕಾಫಿ ಬಿಡೋಕೆ ಆಗಲ್ಲ ಅಂದ್ರೆ ಡಿಕ್ಯಾಫ್, ಅಂದ್ರೆ ಕೆಫೀನ್ ತೆಗೆದ ಪುಡಿ ಸಿಗತ್ತೆ, ಇಲ್ದಿದ್ರೆ ಕಷಾಯ, ಮಜ್ಜಿಗೆ.

ಹಂತ 8: ತಕ್ಕಡಿಯನ್ನ ಸರಿಯಾಗಿ ಓದಿ

ಹೊಸದಾಗಿ ಬ್ಲ್ಯಾಕ್ ಕಾಫಿ ಶುರು ಮಾಡಿದವರು ಎರಡೇ ದಿನಕ್ಕೆ ಅರ್ಧ ಕೆಜಿ ಇಳೀತು ಅಂತ ಖುಷಿ ಪಡ್ತಾರೆ. ಅದು ನೀರು. ಅಭ್ಯಾಸ ಇಲ್ಲದವರಿಗೆ ಕೆಫೀನ್ ಸ್ವಲ್ಪ ಹೆಚ್ಚು ಮೂತ್ರ ಮಾಡಿಸತ್ತೆ, ಒಗ್ಗಿದ ಮೇಲೆ ಅದೂ ನಿಲ್ಲತ್ತೆ. ಒಂದು ಕೆಜಿ ಕೊಬ್ಬು ಹೋಗೋಕೆ ಸುಮಾರು 7700 ಕ್ಯಾಲೊರಿ ಕಮ್ಮಿ ಆಗಬೇಕು. ಮೇಲಿನ ಉದಾಹರಣೆಯಲ್ಲಿ 456ರಿಂದ 150ಕ್ಕೆ ಇಳಿಸಿದ್ರೆ, ಬೇರೆ ಯಾವುದೂ ಹೆಚ್ಚಾಗದೇ ಇದ್ರೆ, ಇಪ್ಪತ್ತೈದು ದಿನಕ್ಕೆ ಒಂದು ಕೆಜಿಯಷ್ಟು ಲೆಕ್ಕ ಬರತ್ತೆ. ವಾರಕ್ಕೊಂದು ಸಲ, ಬೆಳಗ್ಗೆ ಎದ್ದು ಬಾತ್‌ರೂಮಿಗೆ ಹೋಗಿಬಂದು ಕಾಫಿಗೆ ಮುಂಚೆ ತೂಕ ನೋಡಿ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆನೂ ತಗೊಳ್ಳಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಮೀರಬಾರದು ಅಂತಾರೆ.

ಜನ ಬೀಳೋ ಹಳ್ಳಗಳು

ಗ್ರೀನ್ ಕಾಫಿ ಅಂದ್ರೆ ಹುರಿಯದ ಬೀಜ. ಅದರಲ್ಲಿ ಕ್ಲೋರೊಜೆನಿಕ್ ಆಸಿಡ್ ಹೆಚ್ಚಿರತ್ತೆ, ಅದರಿಂದ ತೂಕ ಕರಗತ್ತೆ ಅಂತ ಜಗತ್ತಿಗೆಲ್ಲಾ ಹಬ್ಬಿದ ಸುದ್ದಿಗೆ ಮೂಲ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅದು ನಡೆದಿದ್ದು ನಮ್ಮ ಬೆಂಗಳೂರಲ್ಲೇ. ಇದ್ದಿದ್ದು ಬರೀ 16 ಜನ, ಸರಾಸರಿ 8 ಕೆಜಿ ಇಳಿಸಿದ್ರು ಅಂತ ಹೇಳಿತ್ತು. 2014ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಈ ಅಧ್ಯಯನದ ಅಂಕಿಗಳನ್ನ ತಿದ್ದಲಾಗಿದೆ ಅಂತ ಕೇಸ್ ಹಾಕ್ತು, ಹಣ ಕೊಟ್ಟು ಅಧ್ಯಯನ ಮಾಡಿಸಿದ್ದ ಕಂಪನಿ 35 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ತು, ಅದೇ ವರ್ಷ ಲೇಖನವನ್ನೂ ವಾಪಸ್ ತಗೊಂಡ್ರು. ಆದ್ರೂ ಆ ಮಾತು ಇಟ್ಕೊಂಡೇ ಇವತ್ತಿಗೂ ಡಬ್ಬಿಗಳು ಮಾರಾಟ ಆಗ್ತಿವೆ. ಕಷ್ಟಪಟ್ಟು ದುಡಿದ ದುಡ್ಡು ಅದಕ್ಕೆ ಹಾಕ್ಬೇಡಿ.

ತುಪ್ಪ, ಬೆಣ್ಣೆ ಹಾಕಿದ ಕಾಫಿ: ಒಂದು ಟೇಬಲ್ ಚಮಚ ತುಪ್ಪದಲ್ಲೇ 130 ಕ್ಯಾಲೊರಿಯಷ್ಟಿದೆ, ಹಾಲು ಸಕ್ಕರೆ ಹಾಕಿದ ಲೋಟಕ್ಕಿಂತ ಹೆಚ್ಚು. ನಿಂಬೆ ಹಿಂಡಿದ ಕಾಫಿಯಲ್ಲಿ ನಿಂಬೆ ಕೊಬ್ಬು ಕರಗಿಸಲ್ಲ. ಫ್ಯಾಟ್ ಬರ್ನರ್ ಮಾತ್ರೆಗಳ ಮುಖ್ಯ ಅಂಶ ಎಷ್ಟೋ ಸಲ ಕೆಫೀನೇ, ಒಂದೇ ಮಾತ್ರೆಯಲ್ಲಿ ಎರಡು ಮೂರು ಲೋಟದಷ್ಟು ಇರಬಹುದು, ಅದರ ಮೇಲೆ ಕಾಫಿನೂ ಕುಡಿದ್ರೆ ಎದೆ ಡವಡವ ಅನ್ನತ್ತೆ, ಕೈ ನಡುಗತ್ತೆ. ಕೆಫೀನ್ ಪೌಡರ್ ಅಂತೂ ಮುಟ್ಟಲೇಬೇಡಿ, ಒಂದೇ ಚಮಚ ಪ್ರಾಣಕ್ಕೇ ಅಪಾಯ ತರಬಹುದು.

ಯಾರು ಡಾಕ್ಟರನ್ನ ಕೇಳದೆ ಕಾಫಿ ಹೆಚ್ಚಿಸಬಾರದು

ಗರ್ಭಿಣಿಯರು, ಎದೆಹಾಲು ಕೊಡೋ ತಾಯಂದಿರು (ದಿನಕ್ಕೆ 200 ಮಿಲಿಗ್ರಾಂ ಒಳಗೇ ಇರಲಿ, ಗರ್ಭಿಣಿಯರ ಮೈಯಿಂದ ಕೆಫೀನ್ ಹೋಗೋಕೆ ಬಹಳ ಹೊತ್ತು ಬೇಕು), ಬಿಪಿ ಹತೋಟಿಗೆ ಬಾರದವರು, ಎದೆಬಡಿತದಲ್ಲಿ ಏರುಪೇರು ಇರೋರು, ಗಾಬರಿ ಆತಂಕದ ತೊಂದರೆ ಇರೋರು, ಹುಳಿತೇಗು ಎದೆಯುರಿ ಹೆಚ್ಚಿರೋರು. ಸಿಪ್ರೊಫ್ಲಾಕ್ಸಸಿನ್ ಥರದ ಆ್ಯಂಟಿಬಯಾಟಿಕ್ ತಗೊಳ್ತಿದ್ರೆ ಅದು ಕೆಫೀನ್ ಮೈಯಿಂದ ಹೋಗೋದನ್ನ ತಡ ಮಾಡತ್ತೆ, ಆ ದಿನಗಳಲ್ಲಿ ಕಾಫಿ ಕಮ್ಮಿ ಮಾಡಿ. ಮಕ್ಕಳಿಗೆ ತೂಕದ ನೆಪದಲ್ಲಿ ಕಾಫಿ ಕೊಡೋದು ಬೇಡವೇ ಬೇಡ.

ಇನ್ನು ಐದಾರು ಲೋಟದಿಂದ ಕೆಳಗಿಳೀಬೇಕು ಅನ್ನೋರಿಗೆ. ಒಂದೇ ಸಲ ನಿಲ್ಲಿಸಿದ್ರೆ 12ರಿಂದ 24 ಗಂಟೆ ಒಳಗೆ ತಲೆನೋವು ಶುರುವಾಗತ್ತೆ, ಎರಡನೇ ದಿನದ ಹೊತ್ತಿಗೆ ಜೋರಾಗತ್ತೆ, ಕೆಲವರಿಗೆ ವಾರ ದಾಟಿದ್ರೂ ಇರತ್ತೆ, ಜೊತೆಗೆ ಸಿಡಿಮಿಡಿ, ಮಂಕು. ಅದಕ್ಕೆ ನಾಲ್ಕೈದು ದಿನಕ್ಕೊಂದು ಲೋಟದಂತೆ ಕಮ್ಮಿ ಮಾಡ್ತಾ ಬನ್ನಿ, ಮೊದ್ಲು ಸಂಜೆದು, ಆಮೇಲೆ ಮಧ್ಯಾಹ್ನದ್ದು. ಬೆಳಗಿನ ಲೋಟಕ್ಕೆ ಕೊನೆವರೆಗೂ ಕೈ ಹಾಕ್ಬೇಡಿ.